ಕೂಗುವ ಹುಳ, ಕೂಗದ ಹುಳ

ಮುಂಜಾನೆ ದಿಲೀಪ ಎಡಗಿವಿಯನ್ನು ಅಂಗೈಯಿಂದ ಬಡಿದುಕೊಳ್ಳತೊಡಗಿದಾಗಲೂ ಅವನ ಹೆಂಡತಿ ಸುಲೋಚನಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಕಿವ್ಯಾಗ ಹುಳ ಅದ," ಎಂದ.

"ಅದು ದಿನಾ ಇರೋದೇ ಅದಲ್ರಿ."

ಮುಂಬಯಿ ಹತ್ತಿರದ ಡೊಂಬಿವಲಿಯ ಕೆಮಿಕಲ್ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದ ದಿನದಿಂದ ಅವನ ಕಿವಿಯೊಳಗೆ ಜೀರುಂಡೆ ಕೂಗುತ್ತಿತ್ತು. ಬೇಸಿಗೆಯಲ್ಲಿ ಅವರ ಊರು ಕಲಬುರಗಿಯ ಬೇವಿನ ಮರಗಳು ಕೂಗುವ ಹಾಗೆ, ಬಿಡುವಿಲ್ಲದೆ. ಮೈಮೇಲೆ ಒಂದು ಗಾಯವೂ ಇರಲಿಲ್ಲ. ಕೆಲಸ ಮಾಡಿಸುವ ಮುಕಾದಮ ಅವನನ್ನು ಕೆಲಸಗಳ್ಳ ಎಂದ. ಅವರು ಬಾಡಿಗೆಗಿದ್ದ ದಿವಾ ಊರಿನ ಚಾಳಿನವರು ಹುಚ್ಚು ಎಂದರು. ಸುಲೋಚನಾ ಮೊದಮೊದಲು ಕಿವಿಗೆ ಎಣ್ಣೆ ಬಿಟ್ಟಳು, ಹರಕೆ ಹೊತ್ತಳು. ಆಮೇಲೆ ಆ ಮಾತಿಗೆ ಕಿವಿಗೊಡುವುದನ್ನೇ ಬಿಟ್ಟಳು.

"ಇದು ಜೀರುಂಡಿ ಅಲ್ಲ. ಅದು ಬರೇ ಕೂಗ್ತದ. ಇದು ಕೂಗವಲ್ದು, ಕೆರೀಲಿಕತ್ತದ."

"ಉಂಡು ಮಕ್ಕೋರಿ," ಎಂದು ಅವಳು ಬೇರೆಯವರ ಮನೆಗೆಲಸಕ್ಕೆ ಹೋದಳು. ಮರುದಿನ ದಿಂಬಿನ ಮೇಲೆ ರಕ್ತ ಕಂಡಾಗ ಅವಳು ಅವನನ್ನು ಎಬ್ಬಿಸಿಕೊಂಡು ಆಸ್ಪತ್ರೆಗೆ ಹೊರಟಳು.

ಕಲ್ಯಾಣದ ಆಸ್ಪತ್ರೆಯಲ್ಲಿ ಉಡುಪಿ ಕಡೆಯ ಡಾಕ್ಟರ್ ಶರ್ಮಿಳಾ ಕಿವಿಗೆ ಬೆಳಕು ಬಿಟ್ಟು ನೋಡಿ, ಚಿಮಟದಿಂದ ಕರಿಯದೊಂದನ್ನು ಎಳೆದು ತಟ್ಟೆಗೆ ಹಾಕಿದರು. ಸತ್ತ ಸಣ್ಣ ದುಂಬಿ. ಅದರ ಮುಳ್ಳುಗಾಲುಗಳಿಗೆ ಚರ್ಮದ ಎಳೆ ಅಂಟಿಕೊಂಡಿತ್ತು.

"ನಿನ್ನೆಯೇ ಕರ್ಕೊಂಡು ಬರ್ಬೇಕಿತ್ತಲ್ಲ. ಒಳಗೆ ಪರದೆ ಹರಿದುಹೋಗಿದೆ. ಈ ಎಡಗಿವಿ ಇನ್ನು ಕೇಳುವುದು ಕಷ್ಟ ಉಂಟು."

ಸುಲೋಚನಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ದಿಲೀಪ ತಟ್ಟೆಯನ್ನೇ ನೋಡುತ್ತಿದ್ದ.

"ಮೇಡಮ್, ಹಂಗಾದ್ರ ಇನ್ನೊಂದ್ನೂ ತಗೀರಿ. ಕೂಗೋದು ಇನ್ನಾ ಒಳಗೇ ಅದ."

"ಅದು ಹುಳ ಅಲ್ಲ ಮಾರಾಯ್ರೆ, ನರಕ್ಕೆ ಪೆಟ್ಟಾದದ್ದು," ಎಂದು ಡಾಕ್ಟರು ತಟ್ಟೆಯನ್ನು ಆಚೆ ಸರಿಸಿದರು. "ಅಲ್ಲಿ ತೆಗೀಲಿಕ್ಕೆ ಎಂತದ್ದೂ ಇಲ್ಲ."

ಅಷ್ಟು ದಿನ ಅವನು ಹೇಳಿದ್ದೆಲ್ಲ ನಿಜವೇ ಆಗಿತ್ತು ಎಂಬುದು ಸುಲೋಚನಾಳಿಗೆ ಹೊಳೆದದ್ದು ಸ್ಟೇಶನ್ನಿನ ಮೆಟ್ಟಿಲು ಇಳಿಯುವಾಗ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಇಬ್ಬರೂ ಕುಳಿತರು. ಒಂದು ಲೋಕಲ್ ಬಂತು, ತುಂಬಿಕೊಂಡು ಹೋಯಿತು. ಅವಳು ಏಳಲಿಲ್ಲ.

"ಈಗೂ ಕೂಗ್ಲಿಕತ್ತದೇನ್ರಿ?" ಎಂದು ಮೆತ್ತಗೆ ಕೇಳಿದಳು. "ಹ್ಯಾಂಗ ಕೂಗ್ತದ, ನನಗ ಹೇಳ್ರಿ."

ದಿಲೀಪ ಹಳಿಗಳನ್ನು ನೋಡುತ್ತ ಕುಳಿತೇ ಇದ್ದ. ಅವಳು ಕುಳಿತದ್ದು ಅವನ ಎಡಕ್ಕೆ.