ಒಳಗಿನ ಕೈ

ಆರನೇ ಮಣ್ಣಿನ ಗಡಗಿಯೂ ಕುತ್ತಿಗೆ ಬರುವ ಮೊದಲೇ ಕುಸಿದು ಕೂತಿತು. ಬುಶ್ರಾ ಕರೆಂಟಿನಿಂದ ತಿರುಗುವ ತಿಗರಿಯ ಗುಂಡಿ ಒತ್ತಿ ನಿಲ್ಲಿಸಿ ಗೋಡೆಯ ಗಡಿಯಾರ ನೋಡಿದಳು. ಮಧ್ಯಾಹ್ನ ಎರಡೂಕಾಲು. ನಾಳೆ ಬೆಳಿಗ್ಗೆ ಹತ್ತಕ್ಕೆ ಕಲಬುರಗಿಯ ಸೇಡಂ ರಸ್ತೆಯ ಶಾಲೆಯೊಂದರಲ್ಲಿ, ಮೂವರು ಪರೀಕ್ಷಕರ ಮುಂದೆ, ಅವಳು ಗಡಗಿಯೊಂದನ್ನು ಎತ್ತಿ ತೋರಿಸಬೇಕು. ಕರಕುಶಲ ಶಿಕ್ಷಕಿಯ ಕಾಯಂ ಹುದ್ದೆ. ಅರ್ಜಿಯಲ್ಲಿ ‘ತಿಗರಿ ಕೆಲಸ ಬರುತ್ತದೆ’ ಎಂದು ಬರೆದುಬಿಟ್ಟಿದ್ದಳು. ಅವಳಿಗೆ ಬರುತ್ತಿದ್ದುದು ಮಣ್ಣಿನ ಗೊಂಬೆ, ಕಾಗದದ ಹೂವು ಅಷ್ಟೇ. ತಿಗರಿಯನ್ನು ಮೊದಲ ಸಲ ಮುಟ್ಟಿದ್ದೇ ನಾಲ್ಕು ದಿನದ ಹಿಂದೆ, ಇಲ್ಲಿ, ಕಮಲಾಪುರದ ಕುಂಬಾರ ಸೂಗಮ್ಮನ ಪಡಸಾಲೆಯಲ್ಲಿ. ಅತಿಥಿ ಶಿಕ್ಷಕಿ ಎಂಬ ಹೆಸರು ಹೊತ್ತು ಮೂರು ವರ್ಷದಲ್ಲಿ ಐದು ಶಾಲೆ ಸುತ್ತಿದವಳು, ಪ್ರತಿ ಏಪ್ರಿಲ್ಲಿಗೆ ಹೊರಗೆ ಬಿದ್ದವಳು, ಸುಳ್ಳು ಬರೆಯದೆ ಇನ್ನೇನು ಮಾಡಿಯಾಳು ಹೇಳಿ?

“ಕುಂಬಾರಗ ವರ್ಷ, ದೊಣ್ಣಿಗೆ ನಿಮಿಷ ಅಂತಾರ,” ಸೂಗಮ್ಮ ಕುಸಿದ ಮಣ್ಣನ್ನು ಬಾಚಿ ಮತ್ತೆ ಮುದ್ದೆ ಮಾಡುತ್ತ ಅಂದಳು. “ನಿನಗ ದೊಣ್ಣೀನೂ ಬ್ಯಾಡ ನೋಡು ತಂಗಿ. ನಾಕು ದಿನದಿಂದ ಒಂದೇ ಮಾತು ಹೇಳ್ಲಾಕತ್ತೀನಿ. ಎಡಗೈ ಒಳಗ, ಬಲಗೈ ಹೊರಗ. ತಿಳೀತೇನು?”

“ತಿಳೀತ್ರೀ ಅವ್ವಾ.”

“ಬಾಯಿಗೆ ತಿಳೀತು. ಕೈಗೆ ತಿಳೀಲಿ.”

ಏಳನೇ ಮುದ್ದೆ. ನಡುವೆ ಸರಿಯಾಗಿ ನಿಂತಿತು, ಹೆಬ್ಬೆರಳು ಒತ್ತಿದ್ದಕ್ಕೆ ಬಾಯಿ ತೆರೆಯಿತು. ಬುಶ್ರಾಳ ಎಡಗೈ ಅಂಚಿನ ತನಕ ಬಂತು, ಬಂದು ನಿಂತಿತು. ನೋಡನೋಡುತ್ತಿದ್ದಂತೆ ಅದು ಹಿಂದೆ ಸರಿದು ಬಲಗೈ ಒಳಗಿಳಿಯಿತು. ಗಡಗಿ ವಾಲಿತು, ಹರಿಯಿತು, ಕೆಸರು ಹಾರಿ ಅವಳ ಕನ್ನಡಕಕ್ಕೆ ಬಡಿಯಿತು.

“ಅಯ್ಯ ಶಿವನೇ!” ಸೂಗಮ್ಮ ಹಣೆ ಬಡಿದುಕೊಂಡಳು. “ಆ ಎಡಗೈಗೇನು ಲಕ್ವಾ ಹೊಡ್ದದೇನು? ಬಾಗಲ ತನಕ ಬಂದು ಹೊಳ್ಳಿ ಹೋಗ್ತದಲ್ಲ, ಕರೀಲಾರದ ಬೀಗರಂಗ!”

ಬುಶ್ರಾಳಿಗೆ ಅಳು ಬಂತು, ಸಿಟ್ಟೂ ಬಂತು. ಅವಳೇನು ಬೇಕೆಂದು ಮಾಡುತ್ತಿರಲಿಲ್ಲ. ಕೈ ಅವಳ ಮಾತೇ ಕೇಳುತ್ತಿರಲಿಲ್ಲ.

ಮೂಲೆಯ ಹೊರಸಿನ ಮೇಲೆ ಅವಳ ತಾಯಿ ನಜ್ಮಾ ಬೆಳಗಿನಿಂದ ಕೂತಲ್ಲಿ ಕೂರದೆ ಚಡಪಡಿಸುತ್ತಿದ್ದಳು. ಒಮ್ಮೆ ಬಸ್ಸಿನ ಹೊತ್ತು ಕೇಳುವುದು, ಒಮ್ಮೆ ತಸ್ಬೀಹ್ ಮಣಿ ಎಣಿಸುವುದು, ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡುವುದು. ಈಗ ಅವಳಿಗೆ ತಡೆಯಲಾಗಲಿಲ್ಲ.

“ಬಲಗೈ ಹಾಕಿದ್ರ ಏನಾಗ್ತದ್ರೀ ಸೂಗಮ್ಮ? ನೀರು ಕುಡಿಯೋ ಗಡಗಿ ಅದು. ನಮ್ಮ ಮನ್ಯಾಗ ನೀರಿನ ಗಡಗ್ಯಾಗ ಎಡಗೈ ಹಾಕಂಗಿಲ್ಲ.”

“ಸುಟ್ಟ ಮ್ಯಾಲ ನಮ್ಮ ಮನ್ಯಾಗೂ ಹಾಕಂಗಿಲ್ರೀ ಆಪಾ. ಸುಡೋಕಿಂತ ಮೊದಲ ಒಳಗಿಂದೆಲ್ಲ ಎಡಗೈದೇ ಕೆಲಸ. ಇಲ್ಲಿ ತಿಗರಿ ಮ್ಯಾಲೂ ಅದೇ, ಆಮ್ಯಾಲ ಒಳಗ ಕಲ್ಲು ಹಿಡಿದು ಹೊರಗಿಂದ ಬಡಿಯೋ ಮುಂದನೂ ಅದೇ. ನಿಮ್ಮ ಓಣಿ ಮಂದಿ ಇಷ್ಟು ವರ್ಷ ಕುಡಿದ ನೀರೆಲ್ಲ ನಮ್ಮ ಎಡಗೈ ಸವರಿದ ಗಡಗಿದೇ. ಯಾರಿಗೆ ಏನಾಗ್ಯಾದ?”

ನಜ್ಮಾ ಮಗಳ ಎಡಗೈಯನ್ನೇ ನೋಡಿದಳು. ಮಣ್ಣು ಮೆತ್ತಿಕೊಂಡು ಅದು ಮೊಣಕಾಲ ಮೇಲೆ ಸುಮ್ಮನೆ ಬಿದ್ದಿತ್ತು.

“ಅದು ಒಳಗ ಹೋಗಂಗಿಲ್ರೀ,” ಎಂದಳು ಮೆಲ್ಲಗೆ. “ನಾನೇ ಬಿಡಿಸೀನಿ.”

“ಏನು ಬಿಡಿಸೀರಿ?”

“ಸಣ್ಣಾಕಿ ಇದ್ದಾಗ ಈಕಿದು ಎಲ್ಲಾ ಎಡಗೈಲೇ. ಉಣ್ಣೋದು, ಬರಿಯೋದು, ಚೆಂಡು ಒಗಿಯೋದು. ಮಂದಿ ಹೆಸರಿಡ್ತಾರಂತ ಊಟಕ್ಕ ಕೂತಾಗ ಆ ಕೈ ಹಿಂದಕ್ಕ ಕಟ್ತಿದ್ದೆ. ಗಡಗ್ಯಾಗ ಹಾಕಿದ್ಲಂದ್ರ ಸೌಟಿಲೆ ಹೊಡೀತಿದ್ದೆ. ಒಂದು ವರ್ಷದಾಗ ಮರ್ತಳು.”

ಬುಶ್ರಾ ತಟ್ಟನೆ ತಿರುಗಿದಳು. ಇಪ್ಪತ್ತೇಳು ವರ್ಷದಲ್ಲಿ ಈ ಮಾತು ಅವಳ ಕಿವಿಗೆ ಬಿದ್ದದ್ದು ಇದೇ ಮೊದಲು. ಅಕ್ಷರ ಕೋಳಿ ಕೆದರಿದಂತಿದೆ ಎಂದು ಶಾಲೆಯಲ್ಲಿ ಬೈಸಿಕೊಂಡದ್ದು, ಹೊಲಿಗೆ ಕ್ಲಾಸಿನಲ್ಲಿ ಸೂಜಿ ಜಾರಿ ಜಾರಿ ಬಿದ್ದದ್ದು, ‘ಈ ಹುಡುಗಿ ಕೈಯಲ್ಲಿ ಬರ್ಕತ್ ಇಲ್ಲ’ ಎಂದು ಮನೆಯವರೇ ನಕ್ಕದ್ದು, ಎಲ್ಲ ಒಮ್ಮೆಲೇ ನುಗ್ಗಿ ಬಂತು.

“ನನ್ನ ಅಕ್ಷರ ಕೆಟ್ಟದಂತ ಬೈತಿದ್ದಾಕಿ ನೀನೇ ಅಲ್ಲೇನು ಅಮ್ಮಿ?”

“ಹೌ, ನಾನೇ. ನಿನ್ನ ಛಲೋಕ್ಕೇ ಮಾಡೀನಿ ಬೇಟಿ.”

ಬುಶ್ರಾ ಸೂಗಮ್ಮನ ಕೈಯಿಂದ ಮುದ್ದೆ ಕಸಿದು ತಿಗರಿಯ ಮೇಲೆ ಧಪ್ಪೆಂದು ಬಡಿದಳು. ತಿಗರಿ ತಿರುಗಿತು, ಮಣ್ಣು ಬಾಯಿ ತೆರೆಯಿತು. ಎಡಗೈ ಅಂಚಿಗೆ ಬಂದು ಮತ್ತೆ ನಿಂತಿತು. ಎಲ್ಲಿಂದಲೋ ಏಟು ಬೀಳುತ್ತದೆಂದು ಅದಕ್ಕೆ ಇನ್ನೂ ಭಯ. ಅವಳು ಹಲ್ಲು ಕಚ್ಚಿ ಅದನ್ನು ಒಳಗೆ ನೂಕಿದಳು. ಒಳಗೆ ಹೋದದ್ದೇ ತಡ, ಯಾರೂ ಹೇಳಿಕೊಡದೆ ಬೆರಳುಗಳು ಮಣ್ಣಿಗೆ ಆತುಕೊಂಡವು. ಹೊಟ್ಟೆ ಬಂತು, ಹೆಗಲು ಬಂತು, ಕುತ್ತಿಗೆಯೂ ಬಂತು. ಸೂಗಮ್ಮ ಬುಡಕ್ಕೆ ದಾರ ಹಾಕಿ ಕೊಯ್ದು, ಗಡಗಿಯನ್ನು ಹಲಗೆಯ ಮೇಲಿಟ್ಟಳು.

“ಹುಟ್ಟುಗುಣ ಸುಟ್ರೂ ಹೋಗಂಗಿಲ್ಲ ಅಂತಾರ, ಸುಳ್ಳಲ್ಲ ನೋಡು! ನಾಳಿ ನೌಕರಿ ನಿಂದೇ ತಂಗಿ.”

“ಮಾಶಾಅಲ್ಲಾ!” ನಜ್ಮಾ ಕಣ್ಣೊರೆಸಿಕೊಳ್ಳುತ್ತ ಹೊರಸಿನಿಂದ ಎದ್ದು ಬಂದಳು. “ಬಂತಲ್ಲ! ಆಗಿದ್ದು ಆಗಿಹೋತು, ಇನ್ನ ಆ ಮಾತು ಬಿಡು ಬೇಟಿ.”

ಬುಶ್ರಾ ಗಡಗಿಯತ್ತ ನೋಡಲಿಲ್ಲ. ಎಡಗೈಯನ್ನು ಕಣ್ಣ ಮುಂದೆ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮಡಚಿದಳು, ಬಿಚ್ಚಿದಳು.

“ಅಮ್ಮಿ, ಕೈ ಒಂದೇ ಏನು? ನನಗ ಗೊತ್ತಿಲ್ಲದಂಗ ಇನ್ನೇನೇನು ಕಟ್ಟಿ ಹಾಕಿದ್ದಿ?”