ಸತ್ತವನ ಹೆಬ್ಬೆಟ್ಟು

“ಸೂಜಿ ಹಾಕಿಸಿಕೊಂಡಾಂವ ನೀಲಪ್ಪ ಅಂತ ಬರದಾರ,” ಎಂದು ಸರಕಾರಿ ವಕೀಲರು ಪಟ್ಟಿ ಎತ್ತಿ ತೋರಿಸಿದರು. “ಆ ನೀಲಪ್ಪ ಸತ್ತು ಎರಡ ವರ್ಷ ಆತು. ಗೋರಿಯಿಂದ ಎದ್ದು ನೇಸರಗಿ ಸಂತಿಗೆ ಬಂದು ತೋಳು ಚಾಚಿದನೇನು?”

ಬೆಳಗಾವಿಯ ಸೆಷನ್ಸ್ ಕೋರ್ಟಿಗೆ ಕೋರ್ಟೇ ನಕ್ಕಿತು. ಬಾಗಿಲ ಬಳಿ ತಮ್ಮ ಉಳವಪ್ಪನ ಪಕ್ಕ ಕುಳಿತಿದ್ದ ಮಾಯವ್ವ ಜಡ್ಜ್ ಸಾಹೇಬರ ಮುಖವನ್ನೇ ನೋಡುತ್ತಿದ್ದಳು. ಅವರು ನಕ್ಕಿರಲಿಲ್ಲ. ಅಷ್ಟನ್ನೇ ಹಿಡಿದುಕೊಂಡು ಅವಳು ಉಸಿರಾಡಿದಳು.

ಅವಳ ಗಂಡ ಪರಸಪ್ಪನಿಗೆ ಕೆಳಗಿನ ಕೋರ್ಟು ಎರಡು ವರ್ಷ ಸಕ್ತಮಜೂರಿ ಹಾಕಿತ್ತು. ದೊಡವಾಡದ ದಾರಿಯಲ್ಲಿ ಹೊತ್ತು ಮುಳುಗುವ ಹೊತ್ತಿಗೆ ಮಹಾಂತಪ್ಪನ ತಲೆಗೆ ಬಡಿದು, ಗಾಡಿಯ ಎತ್ತು ಬಿಚ್ಚಿಕೊಂಡು ಹೋದವನು ಇವನೇ ಎಂದು. ಚಾವಡಿಯಲ್ಲಿ ಸಿಪಾಯಿಯ ಪಕ್ಕ ಪರಸಪ್ಪ ಕುಳಿತಿದ್ದುದನ್ನು ಕಂಡ ಕೂಡಲೇ ಮಹಾಂತಪ್ಪ ಬೆರಳು ತೋರಿಸಿದ್ದ. ಅದೇ ಸಂಜೆ ಇಪ್ಪತ್ತು ಮೈಲಿ ಆಚೆ ನೇಸರಗಿಯಲ್ಲಿ ಪ್ಲೇಗಿನ ಸೂಜಿ ಹಾಕಿಸಿಕೊಳ್ಳುತ್ತಿದ್ದೆ ಎಂದು ಪರಸಪ್ಪ ಎಷ್ಟು ಬಡಿದುಕೊಂಡರೂ ನಡೆಯಲಿಲ್ಲ. ಡಾಕ್ಟರರ ಪಟ್ಟಿಯ ನಕಲು ತರಿಸಿದರೆ ಅದರಲ್ಲಿ ಇದ್ದದ್ದು ಅವನ ಸತ್ತ ಅಣ್ಣನ ಹೆಸರು.

“ಈ ಎರಡ ಕಣ್ಣಿಲೆ ನೋಡೇನ್ರಿ,” ಎಂದು ಮಹಾಂತಪ್ಪ ಇಂದೂ ಎದೆ ತಟ್ಟಿ ಹೇಳಿದ್ದ. “ನೂರ ಮಂದ್ಯಾಗ ನಿಂದ್ರಸ್ರಿ, ಹುಡುಕಿ ತಗೀತೇನಿ.” ಅವನು ಸುಳ್ಳನಲ್ಲ. ಮಾಯವ್ವನಿಗೆ ಹೆದರಿಕೆ ಇದ್ದದ್ದು ಅದಕ್ಕೇ. ಸುಳ್ಳನಾಗಿದ್ದರೆ ಎಲ್ಲಾದರೂ ತಡವರಿಸುತ್ತಿದ್ದ.

ಸಾಹೇಬರು ಏನೋ ಕೇಳಿದರು. ಶಿರಸ್ತೇದಾರರು ಕನ್ನಡದಲ್ಲಿ ಹೇಳಿದರು: “ಸತ್ತವನ ಹೆಸರು ಯಾಕ ಬರಸಿದಿ?”

ಜೇಲಿನ ಟೊಪ್ಪಿಗೆಯನ್ನು ಕೈಯಲ್ಲಿ ಹಿಂಡುತ್ತ ಪರಸಪ್ಪ ಹೇಳಿದ: “ಖರೇ ಹೆಸರು ಬರಸಿದ್ರ ಪ್ಲೇಗವ್ವ ಅದನ್ನ ಹಿಡಕೊಂಡು ಮನಿ ಹುಡುಕ್ಕೊಂತ ಬರತಾಳಂತ ಎಲ್ಲಾರೂ ಅಂತಾರ್ರೀ. ನಮ್ಮಣ್ಣನ್ನ ಮೊದ್ಲ ಒಯ್ದಾಳ. ಒಯ್ದವನ್ನ ಮತ್ತ್ಯಾಕ ಕರಿಯಾಕ ಬಂದಾಳು?”

ಮತ್ತೆ ನಗು. ಶಿರಸ್ತೇದಾರರು ಅದನ್ನು ಇಂಗ್ಲಿಷಿಗೆ ತಿರುಗಿಸಲು ಬಹಳ ಹೊತ್ತು ತೆಗೆದುಕೊಂಡರು.

ಸಾಹೇಬರ ಅಪ್ಪಣೆಯ ಮೇಲೆ ಡಾಕ್ಟರರು ಈ ಸಲ ನಕಲಲ್ಲ, ಮೂಲ ವಹಿಯನ್ನೇ ತಂದಿದ್ದರು. ಅದರಲ್ಲಿ ಬರೆದ ವೇಳೆ ಸಂಜೆ ಐದೂವರೆ. ಅವರು ಪುಟ ಬಿಚ್ಚಿ ಹಿಡಿದಾಗ ಮಾಯವ್ವನ ಕಣ್ಣು ಅಕ್ಷರಗಳ ಮೇಲೆ ಹೋಗಲಿಲ್ಲ; ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಹೆಸರುಗಳ ಪಕ್ಕ ಸಾಲಾಗಿ ಕರಿಯ ಮಚ್ಚೆಗಳಿದ್ದವು. ಸೂಜಿ ಹಾಕಿಸಿಕೊಂಡ ಮರುದಿನ ಗಂಡ ಜ್ವರ ಏರಿಸಿಕೊಂಡು ಮನೆಗೆ ಬಂದಾಗ ಅವನ ಹೆಬ್ಬೆರಳ ಮಸಿಯನ್ನು ಬೂದಿ ಹಾಕಿ ತಿಕ್ಕಿದವಳು ಅವಳೇ. ಎದ್ದು ನಿಂತಳು.

“ಯಪ್ಪಾ, ಸಾಹೇಬ್ರ!”

“ಏ, ಕುಂಡ್ರು ಕೆಳಗ!” ಪಟ್ಟೇವಾಲ ಗದರಿದ.

“ಹೆಸರ ಸತ್ತವಂದ ಇರಲ್ರಿ. ಅದರ ಬಾಜೂಕ ಒತ್ತಿದ್ದ ಹೆಬ್ಬೆಟ್ಟು ಯಾರ್ದು ನೋಡ್ರಿ! ಸತ್ತಾಂವ ಹೆಸರು ಕೊಟ್ಟಾನು, ಬೆರಳ ಎಲ್ಲಿಂದ ಕೊಟ್ಟಾನು?”

ಈಗ ಯಾರೂ ನಗಲಿಲ್ಲ. ಅವಳ ವಕೀಲರು ಮುಂದಿದ್ದ ಕಾಯದೆಯ ಪುಸ್ತಕವನ್ನು ಮುಚ್ಚಿಟ್ಟು ವಹಿಯ ಕಡೆಗೆ ಧಾವಿಸಿದರು. ಸಾಹೇಬರು ಭೂತಗನ್ನಡಿ ತರಿಸಿದರು. ಪರಸಪ್ಪನ ಎಡಗೈ ಹೆಬ್ಬೆರಳಿಗೆ ಮಸಿ ಬಳಿದು ಬಿಳಿಯ ಕಾಗದದ ಮೇಲೆ ಒತ್ತಿಸಿದರು. ಜೋಳ ಕೊಯ್ಯುವಾಗ ಕುಡುಗೋಲು ತಾಗಿದ ಹಳೆಯ ಗಾಯ ಆ ಗುರುತಿನ ನಡುವೆ ಓರೆಯಾದ ಬಿಳಿ ಗೆರೆಯಾಗಿ ಮೂಡಿತು. ವಹಿಯಲ್ಲಿ, ಸತ್ತ ನೀಲಪ್ಪನ ಹೆಸರಿನ ಪಕ್ಕದಲ್ಲೂ ಅದೇ ಓರೆ, ಅದೇ ಗೆರೆ. ಸಾಹೇಬರು ಮೂರು ಸಲ ನೋಡಿದರು. ಆಮೇಲೆ ಕನ್ನಡಿಯನ್ನು ಸರಕಾರಿ ವಕೀಲರ ಕೈಗೇ ಕೊಟ್ಟರು. ಅವರು ನೋಡಿ, ತಮ್ಮ ಪಟ್ಟಿಯನ್ನು ಮಡಿಚಿಟ್ಟು ಕುಳಿತರು.

“ಅಪೀಲು ಮಂಜೂರ,” ಎಂದರು ಶಿರಸ್ತೇದಾರರು. “ಶಿಕ್ಷಾ ರದ್ದು. ಬಿಟ್ಟಬಿಡ್ರಿ ಅವನ್ನ.”

ಮಾಯವ್ವ ಅಳುತ್ತಾಳೆಂದು ಉಳವಪ್ಪ ಕಾದ. ಅವಳು ಸೆರಗು ಸರಿಮಾಡಿಕೊಂಡು, ತಲೆ ಎತ್ತಿ, ಕೋರ್ಟಿನ ನಡುವಿನಿಂದಲೇ ನಡೆದು ಹೊರಗೆ ಬಂದಳು. ವಕೀಲರು ಹಿಂದೆಯೇ ಬಂದರು. “ಮಾಯವ್ವ, ಈ ಕರೀ ಕೋಟು ಇನ್ಮ್ಯಾಲೆ ನೀನ ಹಾಕ್ಕೋವಾ.”

“ಬ್ಯಾಡ್ರಿ ರಾಯರ, ಭಾಳ ಸೆಕಿ ಆಗತೈತಿ,” ಎಂದಳು. ಆರು ತಿಂಗಳಲ್ಲಿ ಅವಳು ಆಡಿದ ಮೊದಲ ಚೇಷ್ಟೆ ಅದು. ವಕೀಲರು ನಗುತ್ತ ಕಾಗದಪತ್ರಕ್ಕೆ ಒಳಗೆ ಹೋದರು.

ಪರಸಪ್ಪ ಜೇಲಿನ ಅರಿವೆ ಒಪ್ಪಿಸಿ ತನ್ನ ಧೋತರ ಉಡಲು ಕಟ್ಟಡದ ಹಿಂದೆ ಹೋಗಿದ್ದ. ಅಕ್ಕ ತಮ್ಮ ಇಬ್ಬರೂ ಬೇವಿನ ಮರದಡಿ ಕಾಯುತ್ತಿದ್ದರು. ಆಗ ಮೆಟ್ಟಿಲಿಳಿದು ಮಹಾಂತಪ್ಪ ಬಂದ. ರುಮಾಲು ಕಂಕುಳಲ್ಲಿತ್ತು, ಕಣ್ಣು ತೇವವಾಗಿದ್ದವು. ನೇರ ಬಂದವನೇ ಮಾಯವ್ವನ ಪಕ್ಕ ನಿಂತಿದ್ದ ಉಳವಪ್ಪನ ಎರಡೂ ಕೈ ಹಿಡಿದುಕೊಂಡ.

“ತಪ್ಪಾತಪಾ ಪರಸಪ್ಪ, ಹೊಟ್ಯಾಗ ಹಾಕ್ಕೋ. ಇನ್ನ ಸಾಯೂತನಾ ನಿನ್ನ ಮಾರಿ ಮರೆಯಾಂಗಿಲ್ಲ.”

ಉಳವಪ್ಪ ಬಾಯಿ ತೆರೆದು ಅಕ್ಕನನ್ನು ನೋಡಿದ. ಮಾಯವ್ವ ಕೋರ್ಟಿನ ಬಾಗಿಲಿಗೆ ತಿರುಗಿ, ಕಟ್ಟಡದ ಉದ್ದಕ್ಕೂ ಕೇಳುವಂತೆ ಕೂಗಿದಳು:

“ವಕೀಲ ಸಾಹೇಬ್ರ, ಲಗೂ ಬರ್ರಿ! ಇದನ್ನೂ ಬರಕೊಳ್ರಿ!”