ಮೂಗಿನ ಮೇಲಿಲ್ಲದ ಕಲೆ

“ಚಿಕ್ಕಮ್ಮ, ಈ ಕಲೆ ನೋಡಿ, ಎಷ್ಟು ಅಸಹ್ಯವಾಗಿದೆ!”

ವಾರದಲ್ಲಿ ನಾಲ್ಕನೇ ಸಲ ಸ್ಫೂರ್ತಿ, ಚಂದ್ರಾ ಲೇಔಟಿನಲ್ಲಿರುವ ಚಿಕ್ಕಮ್ಮ ಕುಸುಮಾಳ ಬ್ಯೂಟಿ ಪಾರ್ಲರಿಗೆ ಬಂದು ಮೂಗು ತೋರಿಸುತ್ತಿದ್ದಳು. ಕುಸುಮಾ ಬಗ್ಗಿ ನೋಡಿದಳು. ಕಲೆಯೇ ಇರಲಿಲ್ಲ, ಉಜ್ಜಿ ಉಜ್ಜಿ ಚರ್ಮ ಕೆಂಪಾಗಿತ್ತು, ಅಷ್ಟೇ. “ಏನಿಲ್ಲ ಕಣೇ” ಎಂದು ಗದರಲು ಹೊರಟವಳು ತಡೆದುಕೊಂಡಳು.

“ಕಾಲೇಜಿಗೆ ಹೋಗ್ತಿದೀಯಾ?”

“ಬಿಟ್ಟು ತಿಂಗಳಾಯ್ತು. ಎಲ್ರೂ ಇದನ್ನೇ ನೋಡ್ತಾರೆ.”

“ದಿನಕ್ಕೆ ಎಷ್ಟೊತ್ತು ಕನ್ನಡಿ ಮುಂದೆ ಇರ್ತೀಯ?”

“ನಾಲ್ಕೈದು ಗಂಟೆ. ನಿಲ್ಲಿಸಕ್ಕೇ ಆಗ್ತಿಲ್ಲ ಚಿಕ್ಕಮ್ಮ.”

ಇದು ಹುಡುಗಾಟವಲ್ಲ, ಕಾಯಿಲೆ ಎಂದು ಕುಸುಮಾಳಿಗೆ ಆಗ ಹೊಳೆಯಿತು. ಕುರ್ಚಿಯನ್ನು ಮೆಲ್ಲಗೆ ಕನ್ನಡಿಯಿಂದ ತನ್ನ ಕಡೆಗೆ ತಿರುಗಿಸಿಕೊಂಡಳು.

“ಇದು ನನ್ನ ಕ್ರೀಮಿಗೆ ಹೋಗಲ್ಲ ಪುಟ್ಟಿ. ಮನಸ್ಸಿನ ಡಾಕ್ಟ್ರ ಹತ್ರ ಹೋಗೋಣ.”

“ನಂಗೆ ಹುಚ್ಚಾ?”

“ಇಲ್ಲ ಕಣೇ. ತುಂಬಾ ಸುಸ್ತಾಗಿದೀಯ.”

ಸ್ಫೂರ್ತಿ ಚಿಕ್ಕಮ್ಮನ ಹೊಟ್ಟೆಗೆ ಮುಖವಿಟ್ಟು ಬಿಕ್ಕಿದಳು. ಆಮೇಲೆ ಕೇಳಿದಳು: “ಡಾಕ್ಟ್ರ ಹತ್ರ ನೀವೂ ಒಳಗೆ ಬರ್ತೀರಾ?”